ಪೆನ್ಸಿಲ್ಲಿನಲ್ಲಿ ಓಡಿಸಿದ ಪ್ರೋಗ್ರಾಮ್

ಶಾಲೆಯ ಕೊನೆಯ ಎರಡು ವರ್ಷಗಳಿಗೆ ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡಾಗ, ಇನ್ನು ದಿನವಿಡೀ ಕೀಲಿಮಣೆಯ ಮುಂದೆಯೇ ಕುಳಿತಿರುತ್ತೇನೆ ಎಂದುಕೊಂಡಿದ್ದೆ. ಆದರೆ ಆ ವಿಷಯದ ತಿರುಳು ನನಗೆ ದಕ್ಕಿದ್ದು ಪೆನ್ಸಿಲ್ಲಿನಿಂದ. ಪ್ರೋಗ್ರಾಮ್ ಒಂದೊಂದು ಬೆಲೆಯನ್ನು ಇಟ್ಟುಕೊಳ್ಳುವ ಪ್ರತಿಯೊಂದು ವೇರಿಯಬಲ್‌ಗೂ ಒಂದು ಕಾಲಂ, ಮತ್ತೆ ಮತ್ತೆ ನಡೆಯುವ ಭಾಗವಾದ ಲೂಪಿನ ಪ್ರತಿ ಸುತ್ತಿಗೂ ಒಂದು ಸಾಲು ಹಾಕಿಕೊಂಡು, ಯಂತ್ರ ಮಾಡುವ ಕೆಲಸವನ್ನು ನಾವೇ ಕೈಯಾರೆ ಮಾಡಿ ನೋಡುವುದಕ್ಕೆ ಡ್ರೈ ರನ್ ಎನ್ನುತ್ತಾರೆ. ಪ್ರೋಗ್ರಾಮನ್ನು ಓಡಿಸಿಯೇ ನೋಡಬಹುದಾಗಿರುವಾಗ ಇದೆಂಥ ಕಾಲಹರಣ ಎಂದು ಮೊದಮೊದಲು ಗೊಣಗಿದ್ದೆ.

ಆ ಗೊಣಗಾಟ ನಿಂತದ್ದು ಬೈನರಿ ಸರ್ಚ್ ಪಾಠದಲ್ಲಿ. ಏರಿಕೆಯ ಕ್ರಮದಲ್ಲಿರುವ ಪಟ್ಟಿಯ ನಡುವಿನ ಸಂಖ್ಯೆಯನ್ನು ನೋಡಿ, ಬೇಕಾದದ್ದು ಇರಲಾರದ ಅರ್ಧವನ್ನು ಕೈಬಿಟ್ಟು, ಉಳಿದ ಅರ್ಧದಲ್ಲಿ ಮತ್ತೆ ಹಾಗೆಯೇ ಹುಡುಕುವ ವಿಧಾನವದು. 1,000 ಸಂಖ್ಯೆಗಳಿದ್ದರೆ ಹೆಚ್ಚೆಂದರೆ 10 ಬಾರಿ, 10 ಲಕ್ಷವಿದ್ದರೆ 20 ಬಾರಿ ನೋಡಿದರೆ ಸಾಕು. ನಾನು ಬರೆದ ಪ್ರೋಗ್ರಾಮ್ ಮಾತ್ರ ಕೆಲವು ಸಂಖ್ಯೆಗಳನ್ನು ತಟಕ್ಕನೆ ಹುಡುಕಿಕೊಡುತ್ತಿತ್ತು, ಇನ್ನು ಕೆಲವನ್ನು ಕೇಳಿದರೆ ಒಂದು ದೋಷಸಂದೇಶವನ್ನೂ ಕೊಡದೆ ಸುಮ್ಮನೆ ಕುಳಿತುಬಿಡುತ್ತಿತ್ತು.

ನಮ್ಮ ಮೇಷ್ಟ್ರು ಪರದೆಯ ಕಡೆ ನೋಡಲೇ ಇಲ್ಲ. 4 ಮತ್ತು 9, ಎರಡೇ ಸಂಖ್ಯೆಗಳ ಪಟ್ಟಿ ಬರೆದು 9ನ್ನು ಹುಡುಕು ಎಂದರು. ಸ್ಥಾನಗಳ ಎಣಿಕೆ 0ಯಿಂದ ಶುರುವಾಗುವುದರಿಂದ ಎಡತುದಿಯ ಸ್ಥಾನ 0, ಬಲತುದಿಯದು 1. ಎರಡನ್ನೂ ಕೂಡಿಸಿ ಅರ್ಧ ಮಾಡಿ ಭಿನ್ನಾಂಶವನ್ನು ಬಿಟ್ಟರೆ ನಡುವಿನ ಸ್ಥಾನ 0. ಅಲ್ಲಿರುವ 4 ಚಿಕ್ಕದಾದ್ದರಿಂದ ಎಡತುದಿಯನ್ನು ನಡುವಿಗೆ ಸರಿಸಿದೆ, ಅಂದರೆ ಮತ್ತೆ 0ಗೆ. ಎರಡನೆಯ ಸಾಲು ಮೊದಲನೆಯದರ ಪಡಿಯಚ್ಚಾಗಿತ್ತು, ಮೂರನೆಯದೂ ಹಾಗೆಯೇ. ಎಡತುದಿಯನ್ನು ನಡುವಿನ ಮುಂದಿನ ಸ್ಥಾನಕ್ಕೆ ಒಯ್ಯಬೇಕಿತ್ತು. ಬಿಟ್ಟುಹೋದದ್ದು ಒಂದನ್ನು ಕೂಡಿಸುವುದಷ್ಟೇ.

ಯಾವ ಭಾಷೆ ಕಲಿಯಬೇಕೆಂದು ಈ ವಿಷಯ ಆರಿಸಿಕೊಂಡ ಮಕ್ಕಳು ಕೇಳುತ್ತಿರುತ್ತಾರೆ. ಪೈಥಾನ್ ಆಗಲಿ, ಜಾವಾ ಆಗಲಿ, ಪಠ್ಯಕ್ರಮದಲ್ಲಿ ಇರುವುದನ್ನೇ ಕಲಿಯಲಿ. ನನ್ನ ತಪ್ಪು ಎರಡರಲ್ಲೂ ಅಷ್ಟೇ ಸಲೀಸಾಗಿ ಆಗುತ್ತದೆ. (ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಪಡೆದ ಅಂಕಗಳು ನನಗೂ ಬಂದಿದ್ದವು, ಆ ವ್ಯಾಖ್ಯೆಗಳಲ್ಲಿ ಒಂದೂ ಈಗ ನೆನಪಿಲ್ಲ.)

ಡ್ರೈ ರನ್ನಿಗೂ ಒಂದು ಮಿತಿಯಿದೆ ಎಂಬುದು ಮುಂದೆ ತಿಳಿಯಿತು. ಜಾವಾದೊಡನೆಯೇ ಬರುವ ಬೈನರಿ ಸರ್ಚ್‌ನಲ್ಲಿ ಸುಮಾರು ಒಂಬತ್ತು ವರ್ಷ ಒಂದು ದೋಷ ಅಡಗಿತ್ತೆಂದು, ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ವಿವರಿಸಿದರು. ಪಟ್ಟಿಯಲ್ಲಿ 107 ಕೋಟಿಗೂ ಮಿಕ್ಕಿ ಅಂಶಗಳಿದ್ದಾಗ ಎರಡು ತುದಿಗಳ ಮೊತ್ತ, ಜಾವಾದ 32 ಬಿಟ್‌ಗಳ (ಅಂದರೆ 0 ಅಥವಾ 1 ಹಿಡಿಸುವ 32 ಮನೆಗಳ) ಪೂರ್ಣಾಂಕದಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆಯಾದ 2,147,483,647ನ್ನು ಮೀರಿ ಋಣಸಂಖ್ಯೆಯಾಗಿಬಿಡಬಹುದಿತ್ತು. ಕಾಗದದ ಮೇಲಿನ ಕೂಡುವಿಕೆಗೆ ಅಂಥ ಗಡಿಯೇ ಇಲ್ಲವಾದ್ದರಿಂದ ನನ್ನ ಪೆನ್ಸಿಲ್ಲಿಗೆ ಅದು ಎಂದೂ ಸಿಗುತ್ತಿರಲಿಲ್ಲ. ಈಗಲೂ ನಾನು ಎರಡೇ ಸಂಖ್ಯೆಗಳ ಪಟ್ಟಿಯಿಂದ ಆರಂಭಿಸುತ್ತೇನೆ. ಆದರೆ ಪ್ರತಿ ಕಾಲಂನ ನೆತ್ತಿಯ ಮೇಲೆ, ಆ ವೇರಿಯಬಲ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುತ್ತೇನೆ.