ಸ್ವಾಹಿಲಿ ಎಲ್ಲಾ ಕಡೆ ಒಂದೇ ಅಲ್ವಾ?

ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಉಪಭಾಷೆಗಳ ವ್ಯಾಕರಣ ಓದುತ್ತಿದ್ದೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ‘ನಾಲ್ಕು ಪದ ಬೇರೆ ಇರಬಹುದು, ಅಷ್ಟಕ್ಕೆ ವ್ಯಾಕರಣ ಯಾಕೆ?’ ಅಂತ ಜೊತೆಗೊಂದು ಬಾಲ.

ಒಂದೇ ಅನ್ನಿಸೋದು ಸಹಜ. 1928ರಲ್ಲಿ ಕೀನ್ಯಾದ ಮೊಂಬಾಸಾದಲ್ಲಿ ನಡೆದ ಸಭೆ ಜಾಂಜಿಬಾರ್ ದ್ವೀಪದ ಪಟ್ಟಣದ ಮಾತನ್ನು ಶಾಲೆಗೆ, ಪುಸ್ತಕಕ್ಕೆ ಆರಿಸಿತು. ತಮಾಷೆ ನೋಡಿ, ಸಭೆ ನಡೆದ ಊರಿನ ಸ್ವಂತ ಮಾತು ಕಿಮ್ವಿತಾ ಹೊರಗೇ ಉಳಿಯಿತು. ನಮ್ಮ ಕೈಗೆ ಸಿಗುವ ಪಠ್ಯಗಳೆಲ್ಲ ಆ ಜಾಂಜಿಬಾರ್ ಮಾದರಿಯವು.

‘ಕಿತಾಬು’ ಪದವನ್ನೇ ತಗೊಳ್ಳಿ. ನಮಗೂ ಅವರಿಗೂ ಅರಬ್ಬಿಯಿಂದಲೇ ಬಂದದ್ದು. ಸ್ವಾಹಿಲಿಯಲ್ಲಿ ಕೆಲವು ಪದಗಳಿಗೆ ಏಕವಚನದಲ್ಲಿ ಮೊದಲು ‘ಕಿ’, ಬಹುವಚನದಲ್ಲಿ ‘ವಿ’ ಬರುತ್ತದೆ. ಅವರು ‘ಕಿತಾಬು’ವಿನ ‘ಕಿ’ಯನ್ನೂ ತಮ್ಮದೇ ಪ್ರತ್ಯಯ ಅಂದುಕೊಂಡು ಬಹುವಚನ ‘ವಿತಾಬು’ ಮಾಡಿಬಿಟ್ಟರು! ‘ಈ ಪುಸ್ತಕ’ ಅನ್ನೋಕೆ ಶಾಲೆಯಲ್ಲಿ ‘ಕಿತಾಬು ಹಿಕಿ’. ನೈರೋಬಿಯ ಬೀದಿಯಲ್ಲಿ ‘ಹೀ ಕಿತಾಬು’. ‘ಕಿತಾಬು’ವಿನ ‘ಕಿ’ಗೆ ‘ಹಿಕಿ’ಯ ‘ಕಿ’ ಹೊಂದಿಸುವ ಗೋಜೇ ಇಲ್ಲ.

ಕ್ರಿಯಾಪದಕ್ಕೆ ಬಂದರೆ ಇನ್ನೂ ಮಜಾ. ದಿನಾ ಮಲಗುವ ರೂಢಿ ಹೇಳೋಕೆ ಪುಸ್ತಕದ ರೂಪ ‘ಹುಲಾಲ’. ನಾನಾದರೂ ಅವಳಾದರೂ ಅದೇ. ಕೀನ್ಯಾದ ಒಳನಾಡಿನಲ್ಲಿ ‘ಅನಲಲಾಂಗ’ ಕೇಳಿಸುತ್ತದೆ. ಅವನೋ ಅವಳೋ ದಿನಾ ಮಲಗುವುದು ಅಂತ ಅರ್ಥ. ಯಾರು ಅನ್ನೋದು ಮೊದಲ ‘ಅ’ದಲ್ಲಿ, ರೂಢಿ ಅನ್ನೋದು ಕೊನೆಯ ‘ಅಂಗ’ದಲ್ಲಿ. ಲುಹ್ಯಾದಂಥ ಪಕ್ಕದ ಭಾಷೆಗಳಲ್ಲೂ ಈ ಬಾಲ ಇದೆ. ಇದನ್ನು ಕೆಟ್ಟ ಸ್ವಾಹಿಲಿ ಅನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ನನಗೆ ಜಾಸ್ತಿ ಇಷ್ಟ ಚಿಮ್ವೀನಿ. ಸೊಮಾಲಿಯಾದ ಬರಾವಾ ಪಟ್ಟಣದ ಮಾತು. 1991ರ ಯುದ್ಧದ ನಂತರ ಆಡುವವರು ಕೀನ್ಯಾ, ಬ್ರಿಟನ್, ಅಮೆರಿಕ ಅಂತ ಚದುರಿಹೋದರು. ಅದರಲ್ಲಿ ‘ಜಿಲೇ ನಮ’ ಅಂದರೆ ಮಾಂಸ ತಿಂದದ್ದು. ಯಾರು ತಿಂದದ್ದು? ‘ನ’ದ ಮೇಲೆ ದನಿಯ ಒತ್ತು ಬಿದ್ದರೆ ಅವನೋ ಅವಳೋ. ಕೊನೆಯ ‘ಮ’ದ ಮೇಲೆ ಬಿದ್ದರೆ ನೀನು. ಅಕ್ಷರ ಒಂದೂ ಬದಲಾಗಲ್ಲ. ಒತ್ತು ಕ್ರಿಯಾಪದದ ಮೇಲೂ ಇಲ್ಲ, ಪಕ್ಕದ ‘ನಮ’, ಅಂದರೆ ಮಾಂಸದ ಮೇಲೆ! ಬರೆದು ಓದಿದರೆ ಇದು ಕಣ್ಣಿಗೇ ಬೀಳದು.

ಹಾಗಂತ ‘ನಿಮ್ಮಲ್ಲಿ ಇದಕ್ಕೆ ಏನಂತೀರಿ?’ ಅಂತ ನೇರ ಕೇಳಿದರೂ ಕೆಲಸ ಆಗಲ್ಲ. ಜನ ನೆಟ್ಟಗೆ ಕೂತು ಮೇಷ್ಟ್ರು ಕಲಿಸಿದ ಸ್ವಾಹಿಲಿ ಒಪ್ಪಿಸುತ್ತಾರೆ. ನಾನೂ ಮೊದಮೊದಲು ಪುಟಗಟ್ಟಲೆ ಬರೆದುಕೊಂಡೆ. ಆಮೇಲೆ ನೋಡಿದರೆ ಎಲ್ಲಾ ಪಠ್ಯದ್ದೇ. ಈಗ ಸುಮ್ನೆ ಬಸ್ಸು ಲೇಟಾದ ಕತೆ ಎತ್ತುತ್ತೇನೆ. ಸಿಟ್ಟು ಬಂತು ಅಂದರೆ ‘ಹಿಕಿ’ ಹೋಗಿ ‘ಹೀ’ ಬರುತ್ತದೆ.