ಮತ್ತೆ ಬ್ರಷ್ ಹಿಡಿದ ಮೇಲೆ: ಮೊದಲ ಹತ್ತು ವಾರ

ಫ್ಲೆಕ್ಸ್ ಮೆಷಿನ್ ಮಾರಿ ಏಳು ತಿಂಗಳಾಯಿತು. ಅಂಗಡಿ ಖಾಲಿ ಮಾಡಿದೆ. ಸಾಲದಲ್ಲಿ ಮುಕ್ಕಾಲು ಪಾಲು ತೀರಿದೆ. ಉಳಿದದ್ದು ಅಟ್ಟದ ಮೇಲಿದ್ದ ಒಂದು ತಗಡಿನ ಡಬ್ಬಿ. ಅದರಲ್ಲಿ ಹದಿನಾರು ವರ್ಷದಿಂದ ಮುಟ್ಟದ ಒಂಬತ್ತು ಬ್ರಷ್. ಆರರ ಕೂದಲು ಒಣಗಿ ಕಡ್ಡಿಯಾಗಿತ್ತು. ಮೂರಕ್ಕೆ ಮಾತ್ರ ಯಾವಾಗಲೋ ಕೊಬ್ಬರಿ ಎಣ್ಣೆ ಸವರಿ ಪೇಪರ್ ಸುತ್ತಿಟ್ಟಿದ್ದೆ, ಅವು ಉಳಿದಿದ್ದವು. ಆ ಮೂರರಿಂದಲೇ ಶುರು ಮಾಡಿದ್ದೇನೆ. ನನ್ನ ಹಾಗೆ ಬೋರ್ಡ್ ಬರೆಯುವುದು ಬಿಟ್ಟವರು ಯಾರಾದರೂ ಇದ್ದರೆ ಅವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆದಿಡುತ್ತಿದ್ದೇನೆ.

ಹಿಂದಿನದು ಸ್ವಲ್ಪ ಹೇಳಿಬಿಡುತ್ತೇನೆ. ಹದಿನೇಳನೇ ವಯಸ್ಸಿಗೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಬ್ಬ ಆರ್ಟಿಸ್ಟ್ ಹತ್ತಿರ ಕೆಲಸಕ್ಕೆ ಸೇರಿದವನು ನಾನು. ಫ್ಲೆಕ್ಸ್ ಬಂದಾಗ ಎಲ್ಲರ ಜೊತೆ ನಾನೂ ಆ ಕಡೆ ಹೋದೆ, ಸಾಲ ಮಾಡಿ ಮೆಷಿನ್ ತಂದೆ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬ ಜಾತ್ರೆ ಬಂದರೆ ರಾತ್ರಿಯಿಡೀ ಪ್ರಿಂಟ್ ಹೊಡೆಯುತ್ತಿದ್ದೆವು. 2016ರ ಮಾರ್ಚ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದಾಗ ಮೊದಲ ಪೆಟ್ಟು ಬಿತ್ತು. 2020ರಲ್ಲಿ ಮದುವೆ, ಜಾತ್ರೆ, ಸಭೆ ಎಲ್ಲ ನಿಂತಾಗ ಎರಡನೆಯದು. ಮೆಷಿನ್ ನಿಂತರೂ ಕಂತು ನಿಲ್ಲುವುದಿಲ್ಲ ಅಲ್ವಾ. ಓಡಿಸದೆ ಇಟ್ಟು ಇಂಕ್ ಚಿಮ್ಮುವ ಹೆಡ್ ಒಣಗಿತು, ಹೊಸದಕ್ಕೆ ದುಡ್ಡಿರಲಿಲ್ಲ. ಹೇಗೋ ಎಳೆದುಕೊಂಡು ಬಂದೆ, ಕೊನೆಗೆ ಮಾರಿದೆ. ಅದರ ಬಗ್ಗೆ ಇಷ್ಟು ಸಾಕು.

ಒಂದು ಮತ್ತು ಎರಡನೇ ವಾರ

ಬರೀ ಸೊನ್ನೆ. ನನ್ನ ಗುರುಗಳು ಮೊದಲ ತಿಂಗಳು ಅಕ್ಷರ ಮುಟ್ಟಲು ಬಿಟ್ಟಿರಲಿಲ್ಲ. "ಕನ್ನಡ ಪೂರ್ತಿ ಸೊನ್ನೆಯಿಂದ ಹುಟ್ಟಿದ್ದು, ಸೊನ್ನೆ ಕಲಿ" ಅನ್ನುತ್ತಿದ್ದರು. ಅದೇ ದಾರಿ ಹಿಡಿದೆ. ಹಳೇ ನ್ಯೂಸ್ ಪೇಪರ್ ಮೇಲೆ ದಿನಕ್ಕೆ ಇನ್ನೂರು ಸೊನ್ನೆ. ಎಡಗಡೆ ಅರ್ಧ ಒಂದೇ ಎಳೆತ, ಬಲಗಡೆ ಅರ್ಧ ಇನ್ನೊಂದು ಎಳೆತ. ಎಡಗಡೆಯದು ಮೂರನೇ ದಿನಕ್ಕೇ ಬಂತು. ಬಲಗಡೆಯದು ಕೆಳಗೆ ಬರುವಾಗ ನಡುಗುತ್ತಿತ್ತು. ಕೈಯನ್ನು ಬೋರ್ಡಿಗೆ ಊರಿ ಬರೆಯುತ್ತಿದ್ದೆ, ತಪ್ಪು ಅಲ್ಲೇ ಇತ್ತು. ಒಂದು ಬಿದಿರ ಕೋಲಿನ ತುದಿಗೆ ಬಟ್ಟೆ ಉಂಡೆ ಕಟ್ಟಿ, ಅದರ ಮೇಲೆ ಮಣಿಕಟ್ಟು ಇಟ್ಟು ಎಳೆದೆ. ಎರಡನೇ ವಾರದ ಕೊನೆಗೆ ನಡುಕ ಕಮ್ಮಿಯಾಯಿತು.

ನಾಲ್ಕನೇ ವಾರ

ಮೊದಲ ತಗಡು. ಆರಡಿ ಉದ್ದ, ಎರಡಡಿ ಅಗಲ. ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಎರಡು ಕೋಟು, ನೀರು ಹಾಕಿ ಸ್ಯಾಂಡ್ ಪೇಪರ್ ಉಜ್ಜಿ, ಮೇಲೆ ಹಳದಿ ಎನಾಮೆಲ್. ಬರೆಯಲು ಆರಿಸಿದ್ದು ಊರಿನ ಹೆಸರನ್ನೇ: ಶಿವಮೊಗ್ಗ.

ಇಲ್ಲಿ ಒಂದು ದಿನ ಪೂರ್ತಿ ಹೋಯಿತು. ನಾಲ್ಕು ಅಕ್ಷರ ಅಂತ ತಗಡನ್ನು ನಾಲ್ಕು ಸಮಪಾಲು ಮಾಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. 'ಮೊ' ತನ್ನ ಪಾಲಿನಲ್ಲಿ ಹಿಡಿಸಲೇ ಇಲ್ಲ. 'ಗ್ಗ' ಮಾತ್ರ ದೊಡ್ಡ ಮನೆಯಲ್ಲಿ ಒಬ್ಬನೇ ಇದ್ದವನ ಹಾಗೆ ನಿಂತಿತ್ತು. ಆಗ ಗುರುಗಳು ಹೇಳಿದ್ದು ನೆನಪಾಯಿತು: "ಮೊ ಅನ್ನೋಳು ತುಂಬು ಬಸುರಿ ಕಣೋ. ಬಸ್ಸಲ್ಲಿ ಕೂರಿಸೋ ಹಾಗೆ ಜಾಗ ಬಿಟ್ಟು ಕೂರಿಸು." ಎಲ್ಲ ಅಳಿಸಿ, ಜಾಗವನ್ನು ಐದು ಪಾಲು ಮಾಡಿ 'ಮೊ'ಗೆ ಎರಡು ಪಾಲು ಕೊಟ್ಟೆ. 'ಗ'ದ ಕೆಳಗಿನ ಒತ್ತಿಗೆ ಮೂರು ಇಂಚು ಉಳಿಸಿಕೊಂಡೆ. ಸರಿಯಾಗಿ ಕೂತಿತು.

2014ರ ನವೆಂಬರ್ 1ಕ್ಕೆ ಇಂಗ್ಲಿಷ್‌ನಲ್ಲೂ ನಮ್ಮ ಊರು ಶಿಮೊಗ ಹೋಗಿ ಶಿವಮೊಗ್ಗ ಆಯಿತು. ಆಗ ನನಗೆ ಹೆಸರು ಬದಲಿಸುವ ಬೋರ್ಡ್ ಕೆಲಸ ಬಂದಿತ್ತು. ಒಂದನ್ನೂ ಕೈಯಲ್ಲಿ ಬರೆಯಲಿಲ್ಲ, ಎಲ್ಲ ಪ್ರಿಂಟ್. ಹೆಸರು ಉದ್ದವಾದರೆ ಕಂಪ್ಯೂಟರಿನಲ್ಲಿ ಎರಡೂ ಕಡೆಯಿಂದ ಒತ್ತಿಬಿಡುತ್ತಿದ್ದೆ. ನಿಂತ ಗೆರೆಗಳು ತೆಳ್ಳಗಾಗಿ, ಮಲಗಿದ ಗೆರೆಗಳು ದಪ್ಪ ಉಳಿದು ಅಕ್ಷರ ಬಡವಾಗುತ್ತಿತ್ತು. ಕೈಯಲ್ಲಾದರೆ ಅಕ್ಷರವನ್ನು ಎಷ್ಟೇ ಕಿರಿದು ಮಾಡಿದರೂ ಗೆರೆಯ ದಪ್ಪ ಹಾಗೇ ಉಳಿಸಬಹುದು. ಇಷ್ಟು ವರ್ಷ ಎಷ್ಟು ಅಂಗಡಿಗಳ ಹೆಸರನ್ನು ಹಾಗೆ ಹಿಂಡಿದೆನಲ್ಲ ಅಂತ ನಿಜವಾಗಿ ಬೇಜಾರಾಯಿತು.

ಐದನೇ ವಾರ

ನಷ್ಟ. ಬರೆದ ತಗಡನ್ನು ಸಂಜೆ ಅಂಗಳದಲ್ಲಿ ಒಣಗಲು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಇಬ್ಬನಿ ಕೂತು ಹೊಳಪೆಲ್ಲ ಹೋಗಿದೆ, ಕೆಂಪು ಬಣ್ಣದ ಮೇಲೆ ಬೂದಿ ಚೆಲ್ಲಿದ ಹಾಗೆ ಬಿಳಿಚಿಕೊಂಡಿದೆ. ಮಲೆನಾಡಿನಲ್ಲಿ ಹುಟ್ಟಿದವನು ಇದನ್ನು ಮರೆಯಬಾರದಿತ್ತು. ಪೂರ್ತಿ ಉಜ್ಜಿ ಮತ್ತೆ ಬರೆದೆ. ಈಗ ಮಧ್ಯಾಹ್ನ ಎರಡಕ್ಕೆ ಬ್ರಷ್ ಕೆಳಗಿಡುತ್ತೇನೆ, ಐದಕ್ಕೆ ಮುಂಚೆ ಎಲ್ಲ ಒಳಗೆ.

ಏಳನೇ ವಾರ

ಮೊದಲ ದುಡ್ಡಿನ ಕೆಲಸ. ತೀರ್ಥಹಳ್ಳಿ ರಸ್ತೆಯಲ್ಲಿ, ಮಂಡಗದ್ದೆ ಹತ್ತಿರ ಒಂದು ಸಣ್ಣ ಹೋಟೆಲ್. ಬೋರ್ಡಿನಲ್ಲಿ ಕನ್ನಡ ಶೇಕಡ 60 ಇರಬೇಕು ಅಂತ 2024ರಲ್ಲಿ ಕಾನೂನು ಬಂತಲ್ಲ, ಅವರದು ಅರ್ಧಕ್ಕಿಂತ ಜಾಸ್ತಿ ಇಂಗ್ಲಿಷ್ ಇತ್ತು. ಹಳೇ ಫ್ಲೆಕ್ಸ್ ಬಿಸಿಲಿಗೆ ಬಿಳುಚಿ ಹರಿದಿತ್ತು. ಅದು ನನ್ನ ಅಂಗಡಿಯಲ್ಲೇ ಹೊಡೆದದ್ದು, ಮೂಲೆಯಲ್ಲಿ ನನ್ನ ಫೋನ್ ನಂಬರ್ ಇನ್ನೂ ಕಾಣುತ್ತಿತ್ತು. ಅದರ ಕಟ್ಟು ಬಿಚ್ಚಿ ಕೆಳಗಿಳಿಸಿದವನೂ ನಾನೇ. ಮಡಚಿ ಬೈಕಿನ ಹಿಂದೆ ಕಟ್ಟಿಕೊಂಡೆ, ಈಗ ಮನೆಯಲ್ಲಿ ಕಟ್ಟಿಗೆಗೆ ಮುಚ್ಚಿಗೆಯಾಗಿದೆ.

ಹೆಸರಿನಲ್ಲಿ 'ಲಕ್ಷ್ಮೀ' ಇತ್ತು. 'ಕ್ಷ್ಮೀ'ಗೆ ಕೆಳಗೆ ಎರಡು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಮೊದಲು ಅದೊಂದನ್ನು ಬರೆದು, ಅದಕ್ಕೆ ಎಷ್ಟು ಎತ್ತರ ಬೇಕೋ ನೋಡಿಕೊಂಡು, ಆಮೇಲೆ ಉಳಿದ ಅಕ್ಷರಕ್ಕೆ ನೂಲು ಹೊಡೆದು ಗೆರೆ ಹಾಕಿಕೊಂಡೆ. ಅದು ಚೆನ್ನಾಗಿ ಬಂತು. ತಪ್ಪಾದದ್ದು ಸುಲಭದ ಕಡೆ. 'ಉಪಾಹಾರ'ದ 'ಪಾ' ಬರೆಯುವಾಗ ಬಣ್ಣ ಗಟ್ಟಿಯಿತ್ತು, ತಲೆಯ ಬಾಯಿ ಮುಚ್ಚಿಕೊಂಡಿತು. ರಸ್ತೆಯ ಆಚೆ ನಿಂತು ನೋಡಿದರೆ 'ಉವಾಹಾರ'.

ಯಜಮಾನರು, "ಇರ್ಲಿ ಬಿಡಿ ಮಾರಾಯ್ರೆ, ತಿಂಡಿ ತಿನ್ನೋರಿಗೆ ಗೊತ್ತಾಗುತ್ತೆ" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ತಳದ ಬಣ್ಣ ಹಚ್ಚಿ, ಮರುದಿನ ಮತ್ತೆ ಹೋಗಿ ಅದೊಂದೇ ಅಕ್ಷರ ಬರೆದು ಬಂದೆ. ಹೋಗಿ ಬರುವುದು ಅರವತ್ತು ಕಿಲೋಮೀಟರ್. ಯಜಮಾನರು ಆಚೆ ಬದಿಗೆ ಹೋಗಿ ನಿಂತು ಓದಿದರು. ಕಾಫಿ ಕೊಟ್ಟರು. ಹಿಂದಿನ ದಿನ ಪೂರ್ತಿ ಹಣ ಕೊಟ್ಟಿದ್ದವರು ಮೇಲೆ ಇನ್ನೂರು ರೂಪಾಯಿ ಇಟ್ಟರು. ಅದನ್ನು ಖರ್ಚು ಮಾಡಿಲ್ಲ.

ಹತ್ತನೇ ವಾರ

ನಮ್ಮ ಕಡೆಯ ಒಂದು ಹಳ್ಳಿ ಶಾಲೆಯ ಗೋಡೆ. ಹಳೇ ವಿದ್ಯಾರ್ಥಿಗಳು ದುಡ್ಡು ಸೇರಿಸಿ ವರ್ಣಮಾಲೆ ಬರೆಸುತ್ತಿದ್ದಾರೆ. ನಲವತ್ತೊಂಬತ್ತು ಅಕ್ಷರ, ಒಂದೊಂದೂ ಒಂದಡಿ ಎತ್ತರ. ಮಳೆಗಾಲದ ಪಾಚಿ ಇನ್ನೂ ಗೋಡೆಯಲ್ಲಿತ್ತು. ತಂತಿ ಬ್ರಷ್‌ನಲ್ಲಿ ಕೆರೆದು, ತೊಳೆದು, ಮೂರು ದಿನ ಒಣಗಿಸಿ, ಆಮೇಲೆ ಪ್ರೈಮರ್ ಹೊಡೆದೆ.

ಇಲ್ಲಿ ಅವಸರ ಮಾಡುವ ಹಾಗಿಲ್ಲ. ಬೋರ್ಡಿನ ಅಕ್ಷರವನ್ನು ಓದು ಬಂದವರು ಓದುತ್ತಾರೆ, ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆದೀತು. ಇದನ್ನು ನೋಡಿ ಮಕ್ಕಳು ಕಲಿಯುತ್ತವೆ. 'ಧ'ದ ಕೆಳಗಿನ ಸೀಳು ಮುಚ್ಚಿದರೆ ಒಂದು ಮಗು ಅದನ್ನು 'ದ' ಅಂತಲೇ ತಿಳಿದುಕೊಳ್ಳುತ್ತದೆ. ಹಾಗಾಗಿ ಬಣ್ಣ ಸ್ವಲ್ಪ ತೆಳ್ಳಗೆ ಮಾಡಿಕೊಂಡು ಎರಡು ಸಲ ಎಳೆಯುತ್ತಿದ್ದೇನೆ. ದಿನಕ್ಕೆ ಐದು ಅಕ್ಷರ, ಅದಕ್ಕಿಂತ ಜಾಸ್ತಿ ಇಲ್ಲ. ಮಧ್ಯಾಹ್ನ ಊಟದ ಬೆಲ್ ಹೊಡೆದ ಮೇಲೆ ಮಕ್ಕಳು ಹಿಂದೆ ಬಂದು ನಿಲ್ಲುತ್ತವೆ. 'ಞ' ಬರೆದ ದಿನ ಒಬ್ಬಳು, "ಅಂಕಲ್, ಇದು ಯಾವುದರಲ್ಲಿ ಬರುತ್ತೆ?" ಅಂತ ಕೇಳಿದಳು. ತಕ್ಷಣ ಹೊಳೆಯಲಿಲ್ಲ. ಆಮೇಲೆ ಅವಳ ಪಾಟಿಯ ಮೇಲೆ 'ಜ್ಞಾನ' ಅಂತ ಬರೆದು, ಜ ಕೆಳಗಿನ ಒತ್ತನ್ನು ತೋರಿಸಿದೆ.

ಸ್ವರ ಹದಿಮೂರು, ಅಂ ಅಃ ಎರಡು, ತ ವರ್ಗದ ತನಕ ಇಪ್ಪತ್ತು. ಇವತ್ತಿಗೆ ಮೂವತ್ತೈದು ಆಯಿತು. ಸಣ್ಣ ಬ್ರಷ್ ತೊಳೆದು ಎಣ್ಣೆ ಸವರಿಟ್ಟಿದ್ದೇನೆ. ನಾಳೆ ಬೆಳಿಗ್ಗೆ 'ಪ'.