ಹದಿನೇಳು ಸೆಂಟಿಮೀಟರ್

ಈ ವರ್ಷದ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಬಂದವರಲ್ಲಿ ನಮ್ಮ ತಂಡದವರೆಲ್ಲ ಮೊದಲು ಹೋಗಿ ನಿಂತದ್ದು ಭೌತಶಾಸ್ತ್ರದ ಲ್ಯಾಬಿನ ಬಾಗಿಲಲ್ಲಿ. ಕನ್ನಡ ಪಂಡಿತರು ತೀರಿಕೊಂಡು ಆಗಿನ್ನೂ ಎರಡು ತಿಂಗಳು. ಅವರನ್ನು ನೆನೆಯಲು ಲ್ಯಾಬಿಗೇಕೆ ಬಂದಿರಿ ಎಂದು ಈಗಿನ ಉಪನ್ಯಾಸಕರೊಬ್ಬರು ಕೇಳಿದರು. ಉತ್ತರ ಅಲ್ಲೇ ಗೋಡೆಗೆ ಒರಗಿ ನಿಂತಿತ್ತು: ಒಂದು ಮೀಟರ್ ಉದ್ದದ ಗಾಜಿನ ನಳಿಕೆ, ಬುಡಕ್ಕೆ ಸಿಕ್ಕಿಸಿದ ರಬ್ಬರ್ ಕೊಳವೆ, ಅದರ ಇನ್ನೊಂದು ತುದಿಗೆ ನೀರಿನ ಡಬ್ಬಿ.

ವಿಜ್ಞಾನದ ಪಿಯುಸಿ ಓದಿದವರಿಗೆ ಅನುರಣನ ನಳಿಕೆಯ ಪ್ರಯೋಗ ಗೊತ್ತೇ ಇರುತ್ತದೆ. 512 ಹರ್ಟ್ಸ್‌ನ (ಸೆಕೆಂಡಿಗೆ 512 ಸಲ ಅದುರುವ) ಎರಡು ಕವಲಿನ ಲೋಹದ ಟ್ಯೂನಿಂಗ್ ಫೋರ್ಕ್ ಬಡಿದು ನಳಿಕೆಯ ಬಾಯಿಗೆ ಒಂದು ಸೆಂಟಿಮೀಟರ್ ಮೇಲೆ ಹಿಡಿಯುವುದು, ನೀರನ್ನು ಮೆಲ್ಲಗೆ ಇಳಿಸುವುದು, ದನಿ ಏಕಾಏಕಿ ಉಬ್ಬಿ ಬಂದ ಕಡೆ ಗಾಳಿಯ ಕಂಬದ ಉದ್ದ ಬರೆದುಕೊಳ್ಳುವುದು. ಪುಸ್ತಕದಲ್ಲಿ ಇಷ್ಟೇ ಇತ್ತು. ನಮ್ಮ ಭೌತಶಾಸ್ತ್ರದ ಮೇಷ್ಟ್ರ ಕಟ್ಟಳೆಗಳು ಪುಸ್ತಕದ ಹೊರಗಿನವು. ಫೋರ್ಕನ್ನು ಮೇಜಿನ ಅಂಚಿಗೆ ಬಡಿಯಕೂಡದು, ರಬ್ಬರಿಗೋ ಮಂಡಿಗೋ ಬಡಿಯಬೇಕು. ಗಟ್ಟಿ ವಸ್ತುವಿಗೆ ತಗಲಿದರೆ ಮೂಲ ಸ್ವರದ ಸುಮಾರು 6.3 ಪಟ್ಟು, ಅಂದರೆ 3200 ಹರ್ಟ್ಸ್ ಆಸುಪಾಸಿನ ಇನ್ನೊಂದು ಕಿರುದನಿ ಹುಟ್ಟಿ ಕಿವಿ ದಾರಿ ತಪ್ಪುತ್ತದೆ. ಕವಲುಗಳು ಮೇಲೆ ಕೆಳಗೆ ಆಡುವಂತೆ ಅಡ್ಡ ಹಿಡಿಯಬೇಕು. ನೀರು ಇಳಿಸುವಾಗ ಒಂದು ಅಳತೆ, ಏರಿಸುವಾಗ ಇನ್ನೊಂದು, ಎರಡರ ಸರಾಸರಿ. ಒಂದೇ ದಿಕ್ಕಿನಲ್ಲಿ ನೋಡಿದರೆ ದನಿ ಉಬ್ಬಿತೆಂದು ಗೊತ್ತಾಗುವಷ್ಟರಲ್ಲಿ ನೀರು ಎರಡು ಮಿಲಿಮೀಟರ್ ಮುಂದೆ ಹೋಗಿರುತ್ತದೆ.

28 ಡಿಗ್ರಿ ಸೆಖೆಯಲ್ಲಿ, 3 ಸೆಂಟಿಮೀಟರ್ ವ್ಯಾಸದ ನಮ್ಮ ನಳಿಕೆಯಲ್ಲಿ ಮೊದಲ ಅನುರಣನೆ 16.1ರಲ್ಲಿ, ಎರಡನೆಯದು 50.1ರಲ್ಲಿ. ವ್ಯತ್ಯಾಸ 34 ಸೆಂಟಿಮೀಟರ್. ಅದನ್ನು 512ರ ಎರಡು ಪಟ್ಟಿನಿಂದ ಗುಣಿಸಿದರೆ ಶಬ್ದದ ವೇಗ ಸೆಕೆಂಡಿಗೆ 348 ಮೀಟರ್. ಪುಸ್ತಕದಲ್ಲಿ ಅಚ್ಚಾಗಿದ್ದದ್ದು 332. ಲ್ಯಾಬಿನಲ್ಲಿ ಹರಟೆ ಹೊಡೆದು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿದವರ ರೆಕಾರ್ಡ್ ಪುಸ್ತಕದಲ್ಲಿ ವ್ಯತ್ಯಾಸ 32.4 ಎಂದು ಬರುತ್ತಿತ್ತು. ಮೇಷ್ಟ್ರು ಪುಟ ತಿರುವದೆಯೇ ಕೇಳುತ್ತಿದ್ದರು: "ಲ್ಯಾಬಿನಲ್ಲಿ ಹಿಮ ಬಿದ್ದಿತ್ತೇನ್ರಯ್ಯಾ?" 332 ಸೊನ್ನೆ ಡಿಗ್ರಿಯ ವೇಗ, ಒಂದೊಂದು ಡಿಗ್ರಿಗೂ 0.6 ಮೀಟರ್ ಏರುತ್ತದೆ. ಕಳ್ಳತನಕ್ಕೂ ಥರ್ಮಾಮೀಟರ್ ನೋಡಬೇಕು ಎಂಬುದು ನಮಗೆ ತಡವಾಗಿ ತಿಳಿಯಿತು.

ಮೇಣದ ಪ್ರಕರಣ ಇದಕ್ಕಿಂತ ದೊಡ್ಡದು. ಮುಂದಿನ ತಂಡದವರು ತಪ್ಪಲಿ ಎಂದು ನಮ್ಮ ಬೆಂಚಿನ ಇಬ್ಬರು 512ರ ಫೋರ್ಕಿನ ಒಂದು ಕವಲಿನ ಒಳಬದಿಗೆ ಮೇಣದಬತ್ತಿಯ ಮೇಣ ಮೆತ್ತಿದರು. ಹುನ್ನಾರ ಫಲಿಸಲಿಲ್ಲ. ಮೇಣದ ತೂಕಕ್ಕೆ ಫೋರ್ಕ್ ಇಳಿದದ್ದು 508ಕ್ಕೆ, ಅಂದರೆ ನೂರಕ್ಕೆ ಒಂದಕ್ಕೂ ಕಡಿಮೆ. ವ್ಯತ್ಯಾಸದ ಉದ್ದ ಮೂರು ಮಿಲಿಮೀಟರಿನಷ್ಟೂ ಬದಲಾಗದು, ಹುಡುಗರ ಅಳತೆಯ ತಪ್ಪಿನಲ್ಲೇ ಅದು ಮುಳುಗಿಹೋಯಿತು. ಯಾರೂ ಗಮನಿಸದ ಆ ತಪ್ಪು ಮೇಷ್ಟ್ರ ಕಿವಿಗೆ ಸಿಕ್ಕಿದ್ದು ಬೇರೆ ದಾರಿಯಲ್ಲಿ. ಅವರು ದಿನವೂ ಕಪಾಟು ಮುಚ್ಚುವ ಮೊದಲು ಎರಡು 512ಗಳನ್ನೂ ಒಟ್ಟಿಗೆ ಬಡಿದು ಕೇಳುತ್ತಿದ್ದರು. ಅಂದು ದನಿ ಉಯ್ಯಾಲೆಯಂತೆ ಏರಿಳಿಯಿತು: 10 ಸೆಕೆಂಡಿಗೆ 40 ಬೀಟ್ಸ್. ಬೀಟ್ಸ್ ಎಂದರೆ ಈ ಏರಿಳಿತಗಳು, ಸೆಕೆಂಡಿಗೆ ಎಷ್ಟೋ ಎರಡು ಫೋರ್ಕುಗಳ ನಡುವೆ ಅಷ್ಟೇ ಹರ್ಟ್ಸ್ ಅಂತರ. ಸೆಕೆಂಡಿಗೆ 4 ಎಂದರೆ ಕೆಟ್ಟ ಫೋರ್ಕ್ 508 ಇರಬಹುದು, 516 ಇರಬಹುದು. ಮೇಣ ಮೆತ್ತಿ ಇಳಿಸಿದ್ದಾರೋ ಕವಲು ಉಜ್ಜಿ ಏರಿಸಿದ್ದಾರೋ? ಅವರು ಬೈಯಲಿಲ್ಲ. ನೆಟ್ಟಗಿದ್ದ ಫೋರ್ಕಿಗೇ ಒಂದು ಚೂರು ಮೇಣ ಅಂಟಿಸಿ ಮತ್ತೆ ಬಡಿದರು. ಬೀಟ್ಸ್ ಕಡಿಮೆಯಾದವು, ಹಾಗಾದರೆ ನೆಟ್ಟಗಿದ್ದದ್ದೇ ಎತ್ತರದ ಸ್ವರದ್ದು, ಇನ್ನೊಂದು ಇಳಿದದ್ದು. ತಪ್ಪಿತಸ್ಥರಿಗೆ ಸಿಕ್ಕ ಶಿಕ್ಷೆ ಐದು ಬೇರೆ ಬೇರೆ ವ್ಯಾಸದ ನಳಿಕೆಗಳಲ್ಲಿ ಬಾಯಿಯ ತಿದ್ದುಪಡಿ ಅಳೆಯುವುದು. ಗಾಳಿಯ ಕಂಬ ನಳಿಕೆಯ ಅಂಚಿಗೆ ನಿಲ್ಲುವುದಿಲ್ಲ, ವ್ಯಾಸದ ಸುಮಾರು 0.3ರಷ್ಟು ಹೊರಗೂ ಚಾಚಿಕೊಂಡಿರುತ್ತದೆ. ಪರೀಕ್ಷೆಗೆ ಬೇಕಿಲ್ಲದ ಆ ಅಳತೆ ಇಬ್ಬರಿಗೂ ಇವತ್ತಿಗೂ ಬಾಯಿಪಾಠ.

ಪಂಡಿತರು ಈ ಕಥೆಯೊಳಗೆ ಬಂದದ್ದು ಕೇಶಿರಾಜನ ಕೈ ಹಿಡಿದು. ಹದಿಮೂರನೇ ಶತಮಾನದ ಆ ವೈಯಾಕರಣಿ ಶಬ್ದಮಣಿದರ್ಪಣದಲ್ಲಿ ಮಾತು ಹುಟ್ಟುವ ಬಗೆಯನ್ನು ಹೇಳುವಾಗ ನಾಭಿಮೂಲದಿಂದ ಏಳುವ ಗಾಳಿಯನ್ನೂ ಕಹಳೆಯನ್ನೂ ತರುತ್ತಾನೆ. ಸಾಮಾನ್ಯವಾಗಿ ಈ ಸೂತ್ರವನ್ನು ಅರ್ಥ ಬರೆಸಿ ದಾಟಿಬಿಡುತ್ತಾರೆ. ನಮ್ಮ ಪಂಡಿತರು ಕಹಳೆಯಲ್ಲೇ ನಿಂತರು. ಕಹಳೆಯೇ ಏಕೆ, ಕೊಳಲೇಕಲ್ಲ, ಮದ್ದಳೆಯೇಕಲ್ಲ? ಉತ್ತರ ತಮಗೆ ಗೊತ್ತಿಲ್ಲ ಎಂದು ಹೇಳಿ, ಅರವತ್ತು ಜನರ ತರಗತಿಯನ್ನು ಸಾಲಾಗಿ ಎದುರಿನ ಲ್ಯಾಬಿಗೆ ನಡೆಸಿಕೊಂಡು ಹೋದರು. "ಸಾರ್, ಕೇಶಿರಾಜ ನಿಮ್ಮ ಇಲಾಖೆಯ ವಿಷಯ ಮಾತಾಡಿದ್ದಾನೆ, ಬಗೆಹರಿಸಿ."

ಮೇಷ್ಟ್ರು ಹಲಗೆಯ ಮೇಲೆ ಒಂದೇ ಭಾಗಾಕಾರ ಮಾಡಿದರು. 348ನ್ನು 512ರ ನಾಲ್ಕು ಪಟ್ಟಿನಿಂದ ಭಾಗಿಸಿದರೆ 17 ಸೆಂಟಿಮೀಟರ್. ಆಮೇಲೆ ಸ್ಕೇಲ್ ತೆಗೆದು ತಮ್ಮ ಗಂಟಲಿನ ಗಂಟಿನಿಂದ ಮೇಲಕ್ಕೆ, ಅಲ್ಲಿಂದ ತುಟಿಗೆ ಹಿಡಿದು ತೋರಿಸಿದರು. ವಯಸ್ಕ ಗಂಡಸಿನ ಧ್ವನಿತಂತುಗಳಿಂದ ತುಟಿಯವರೆಗಿನ ದಾರಿ ಸುಮಾರು 17 ಸೆಂಟಿಮೀಟರ್. ಆ ಕಡೆ ಧ್ವನಿತಂತು ಮುಚ್ಚಿದ ತುದಿ, ಈ ಕಡೆ ತುಟಿ ತೆರೆದ ತುದಿ. ಲ್ಯಾಬಿನಲ್ಲಿ ನೀರು ಮುಚ್ಚಿದ ತುದಿಯಾದಂತೆಯೇ. ಹೀಗಾಗಿ ನಾಲಗೆ ಎಲ್ಲೂ ಒತ್ತದೆ ಸುಮ್ಮನೆ ಬಾಯಿ ತೆರೆದಾಗಿನ ದನಿಯಲ್ಲಿ 500, 1500, 2500 ಹರ್ಟ್ಸ್ ಆಸುಪಾಸಿನ ಮೂರು ಅನುರಣನೆಗಳು ಇರಲೇಬೇಕು. ಇವನ್ನೇ ಫಾರ್ಮಂಟ್ ಎನ್ನುತ್ತಾರೆ. ಹೆಂಗಸರ ದಾರಿ ಕೊಂಚ ಗಿಡ್ಡ, ಮಕ್ಕಳದು ಇನ್ನೂ ಗಿಡ್ಡ, ಅಷ್ಟಕ್ಕಷ್ಟು ಅಂಕಿಗಳು ಮೇಲೇರುತ್ತವೆ.

ಆಮೇಲಿನ ಒಂದು ಗಂಟೆ ಈ ಕಾಲೇಜಿನಲ್ಲಿ ನಡೆದ ಅತ್ಯುತ್ತಮ ಪಾಠ. ಪೆಟ್ಟಿಗೆಯಲ್ಲಿ 256ರಿಂದ 512ರವರೆಗಿನ ಎಂಟು ಫೋರ್ಕುಗಳಿದ್ದವು. ಹುಡುಗನೊಬ್ಬ ಉಸಿರು ಕಟ್ಟಿ, ದನಿ ಹೊರಡಿಸದೆ, ಬಾಯನ್ನು ಒಂದೊಂದು ಸ್ವರಾಕ್ಷರದ ಆಕಾರಕ್ಕೆ ತರಬೇಕು. ಬಡಿದ ಫೋರ್ಕನ್ನು ಅವನ ತುಟಿಯ ಮುಂದೆ ಹಿಡಿಯಬೇಕು. 'ಒ' ಆಕಾರಕ್ಕೆ 480, 512 ಉಬ್ಬಿದವು. 'ಉ' ಎಂದು ತುಟಿ ಕಿರಿದು ಮಾಡಿದರೆ ಅವು ಸತ್ತು 320ರ ಸುತ್ತಿನದು ಎದ್ದಿತು. 'ಆ'ಗೆ ಯಾವುದೂ ಒಲಿಯಲಿಲ್ಲ. ಅದರ ಮೊದಲ ಫಾರ್ಮಂಟ್ 700ರ ಮೇಲೆ, ನಮ್ಮ ಪೆಟ್ಟಿಗೆಯಲ್ಲಿ ಅದಕ್ಕೆ ಫೋರ್ಕೇ ಇಲ್ಲ. ಹತ್ತೊಂಬತ್ತನೇ ಶತಮಾನದ ಜರ್ಮನಿಯಲ್ಲಿ ಹೆಲ್ಮ್‌ಹೋಲ್ಟ್ಸ್ ಸ್ವರಾಕ್ಷರಗಳನ್ನು ಅಳೆದದ್ದೂ ಫೋರ್ಕನ್ನು ಬಾಯ ಮುಂದೆ ಹಿಡಿದೇ. ಆತ ವೃತ್ತಿಯಿಂದ ವೈದ್ಯ, ಶರೀರಶಾಸ್ತ್ರದ ಪ್ರಾಧ್ಯಾಪಕ, ಆಮೇಲೆ ಭೌತವಿಜ್ಞಾನಿ. ಮೋರ್ಸಿಂಗ್ ನುಡಿಸುವವರು ಬಾಯಿಯ ಆಕಾರ ಬದಲಿಸಿ ಜತಿ ಹೊರಡಿಸುವುದೂ ಇದೇ ಉಪಾಯದಿಂದ.

ಕಹಳೆಯ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಮೇಷ್ಟ್ರು ಬಿಡಲಿಲ್ಲ. ಕಹಳೆಯಲ್ಲಿ ಊದುವವನ ತುಟಿಯ ಅದುರು ನಳಿಕೆಯ ಉದ್ದಕ್ಕೆ ಕಟ್ಟುಬಿದ್ದಿರುತ್ತದೆ, ನಳಿಕೆ ಒಪ್ಪುವ ಕೆಲವೇ ಸ್ವರಗಳು ಹೊರಡುತ್ತವೆ. ಮಾತಿನಲ್ಲಿ ಹಾಗಲ್ಲ. ಧ್ವನಿತಂತುಗಳು ತಮ್ಮ ಶ್ರುತಿಯಲ್ಲಿ ಅದುರುತ್ತವೆ, ಬಾಯಿಯ ನಳಿಕೆ ತನಗೆ ಬೇಕಾದ ಅಂಶವನ್ನು ಎತ್ತಿ ಕೊಡುತ್ತದೆ, ಒಂದು ಇನ್ನೊಂದರ ಕೈಕಟ್ಟುವುದಿಲ್ಲ. ಅದಕ್ಕೇ ಷಡ್ಜದಲ್ಲಿ ಹಾಡಿದರೂ ಪಂಚಮದಲ್ಲಿ ಹಾಡಿದರೂ 'ಆ' 'ಆ'ವೇ. ಜಪಾನಿನಲ್ಲಿ 1941ರಲ್ಲಿ ಚಿಬಾ ಮತ್ತು ಕಾಜಿಯಾಮ, ಸ್ವೀಡನ್ನಿನಲ್ಲಿ 1960ರಲ್ಲಿ ಗುನ್ನಾರ್ ಫಾಂಟ್ ಗಣಿತವಾಗಿ ಕಟ್ಟಿಕೊಟ್ಟದ್ದು ಇದನ್ನೇ. ಕೇಶಿರಾಜ ಅರ್ಧ ಸರಿ ಎಂದರು ಮೇಷ್ಟ್ರು. ಏಳುನೂರು ವರ್ಷದ ಹಿಂದೆ ಅರ್ಧ ಸರಿ ಎಂದರೆ ಸಾಲದೇ ಎಂದರು ಪಂಡಿತರು.

ಆ ಎರಡು ವರ್ಷ ಕಲಿತ ಮಿಕ್ಕ ಪಾಠ ಯಾವುದೂ ನೆನಪಿಲ್ಲ. ಈ ನಳಿಕೆ ಮಾತ್ರ ತಂಡವನ್ನು ಬಿಡಲಿಲ್ಲ. ಒಬ್ಬ ಕಿವಿ ಮೂಗು ಗಂಟಲಿನ ಡಾಕ್ಟರಾದ, ಒಬ್ಬಾಕೆ ಭಾಷಾವಿಜ್ಞಾನಿ, ಇನ್ನೊಬ್ಬ ಮಾತು ಗುರುತಿಸುವ ಯಂತ್ರ ಕಟ್ಟುವ ಎಂಜಿನಿಯರ್. ಒಂದು ಪುಟ್ಟ ಊರಿನ ಕಾಲೇಜಿಗೆ ಇದು ಸಣ್ಣ ಸಾಧನೆಯಲ್ಲ, ಹೇಳಿಕೊಳ್ಳಲು ಸಂಕೋಚವೂ ಇಲ್ಲ. ಮೂವರೂ ನೋಡುವುದು ಒಂದೇ ನಳಿಕೆಯನ್ನು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದ ಮಧ್ಯದಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಈ ಮೂರೂ ಕಸುಬಿನವರು ಒಂದೇ ಸೂರಿನಡಿ ಇರುವುದು ಅದಕ್ಕೇ. 1961ರ ವೈದ್ಯಕೀಯ ನೊಬೆಲ್ ಪಡೆದ ಬೆಕೆಶಿ ವೈದ್ಯನಲ್ಲ, ಬುಡಾಪೆಸ್ಟಿನ ಟೆಲಿಫೋನ್ ಪ್ರಯೋಗಾಲಯದಲ್ಲಿ ದುಡಿದ ಭೌತವಿಜ್ಞಾನಿ. ಸತ್ತವರ ಒಳಗಿವಿಯ ಪೊರೆಯ ಮೇಲೆ ಬೆಳ್ಳಿಯ ಕಣ ಉದುರಿಸಿ, ಮಿಣುಕು ಬೆಳಕಿನಲ್ಲಿ ಅಲೆ ಓಡುವುದನ್ನು ಆತ ಕಂಡ. ಸುಮಾರು 35 ಮಿಲಿಮೀಟರ್ ಉದ್ದದ ಆ ಪೊರೆ ಬುಡದಲ್ಲಿ ಬಿಗಿ, ತುದಿಯಲ್ಲಿ ಸಡಿಲ. ಎತ್ತರದ ಸ್ವರ ಬುಡದಲ್ಲೂ ತಗ್ಗಿನದು ತುದಿಯಲ್ಲೂ ಹೆಚ್ಚು ಕುಣಿಯುತ್ತದೆ.

ಕೂಟದಲ್ಲಿ ಹೆಚ್ಚು ಚರ್ಚೆಯಾದದ್ದು 'ಹುಲಿ' ಮತ್ತು 'ಹುಳಿ'. ಪಂಡಿತರು ಲಕಾರ ಳಕಾರದ ಭೇದ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಭೇದವನ್ನು ಅಳೆಯಬಹುದು: ನಾಲಗೆ ಮೇಲಕ್ಕೆ ಮಡಚಿ ಮೂರ್ಧನ್ಯ ನುಡಿದಾಗ ಮೂರನೇ ಫಾರ್ಮಂಟ್ ಕೆಳಗಿಳಿದು ಎರಡನೆಯದರತ್ತ ಬರುತ್ತದೆ. ಕೈ ಹಾಕಬಯಸುವ ಈಗಿನ ವಿದ್ಯಾರ್ಥಿಗಳಿಗೆ ಕ್ರಮ ಹೀಗೆ. ಫ್ಯಾನ್ ನಿಲ್ಲಿಸಿ. ಮೈಕನ್ನು ಬಾಯಿಯ ನೇರಕ್ಕಲ್ಲ, ಪಕ್ಕಕ್ಕೆ ಓರೆಯಾಗಿ ಒಂದು ಗೇಣು ದೂರ ಇಡಿ, ಇಲ್ಲದಿದ್ದರೆ 'ಪ' ಎಂದಾಗ ಗಾಳಿ ಬಡಿಯುತ್ತದೆ. ಪದಗಳನ್ನು ಪಟ್ಟಿಯಾಗಿ ಓದಿಸಬೇಡಿ, ಪಟ್ಟಿಯ ಕೊನೆಯಲ್ಲಿ ದನಿ ಇಳಿಯುತ್ತದೆ. "ನಾನು ಹುಳಿ ಎಂದೆ" ಎಂಬಂಥ ಒಂದೇ ವಾಕ್ಯದೊಳಗಿಟ್ಟು, ಕ್ರಮ ಕಲಸಿ, ಐದೈದು ಸಲ ಹೇಳಿಸಿ. ಫೋನಿನ ಕರೆಯ ಧ್ವನಿಮುದ್ರಣ ಬೇಡ. ಹಳೆಯ ಟೆಲಿಫೋನ್ ಪಟ್ಟಿ 300ರಿಂದ 3400 ಹರ್ಟ್ಸ್ ಮಾತ್ರ ದಾಟಿಸುತ್ತದೆ. ಗಂಡಸಿನ ದನಿಗೆ 5000 ಹರ್ಟ್ಸ್‌ವರೆಗೆ ಐದು ಫಾರ್ಮಂಟ್ ಹುಡುಕು ಎಂದು ದನಿ ಅಳೆಯುವ ತಂತ್ರಾಂಶಕ್ಕೆ ಹೇಳಬೇಕು, ಹೆಂಗಸಿನ ದನಿಗೆ 5500. ಅದೇ 5000ವನ್ನು ಹೆಂಗಸಿನ ದನಿಗೆ ಕೊಟ್ಟರೆ ಇಲ್ಲದ ಫಾರ್ಮಂಟೊಂದು ನಡುವೆ ಹುಟ್ಟಿಕೊಳ್ಳುತ್ತದೆ. 'ಉ', 'ಒ'ಗಳಲ್ಲಿ ಮೊದಲೆರಡು ಹತ್ತಿರವಿದ್ದು ಒಂದೇ ಎಂದು ಎಣಿಕೆಯಾಗುವುದೂ ಉಂಟು. ಮಕ್ಕಳ ಶ್ರುತಿ 300 ಹರ್ಟ್ಸ್ ಇದ್ದರೆ ದನಿಯ ಅಂಶಗಳೆಲ್ಲ 300ರ ಮೆಟ್ಟಿಲುಗಳಲ್ಲಿ ಇರುತ್ತವೆ. ನಿಜವಾದ ಫಾರ್ಮಂಟ್ ಎರಡು ಮೆಟ್ಟಿಲ ನಡುವೆ ಇದ್ದರೂ ಯಂತ್ರ ಹತ್ತಿರದ ಮೆಟ್ಟಿಲನ್ನೇ ತೋರಿಸುತ್ತದೆ. ಈಗಿನ ಪ್ರಬಂಧಗಳಲ್ಲಿ 512.37 ಎಂದು ಎರಡು ದಶಮಾಂಶ ಕಂಡಾಗಲೆಲ್ಲ ಮೇಷ್ಟ್ರ ಹಿಮ ನೆನಪಾಗುತ್ತದೆ. ಅಳತೆಯ ತಪ್ಪೇ ಹತ್ತಾರು ಹರ್ಟ್ಸ್ ಇರುವಲ್ಲಿ ದಶಮಾಂಶ ಯಾರಿಗಾಗಿ? ಇನ್ನು ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತೆಂಟು ಪಡೆದು ಒಂದು ಫೋರ್ಕನ್ನೂ ಬಡಿಯದೆ ಹೋಗುವವರ ಬಗ್ಗೆ ಏನು ಹೇಳುವುದು, ಕನ್ನಡದ ತರಗತಿ ಲ್ಯಾಬಿನ ಹೊಸ್ತಿಲು ದಾಟುವುದಂತೂ ಈಗ ಟೈಮ್ ಟೇಬಲ್‌ನಲ್ಲಿ ಸಾಧ್ಯವೇ ಇಲ್ಲ.

ಪಂಡಿತರ ಕಿವಿ ಕೊನೆಯ ವರ್ಷಗಳಲ್ಲಿ ಮಂದವಾಗಿತ್ತು. ಡಾಕ್ಟರಾದ ಶಿಷ್ಯ ಮೊದಲು ತೆಗೆದದ್ದು 512ರ ಫೋರ್ಕನ್ನೇ. ಕಿವಿ ಪರೀಕ್ಷೆಗೆ 512 ಹದವಾದದ್ದು: 128 ಆದರೆ ಮೂಳೆಗೆ ಅದುರು ತಟ್ಟಿ ರೋಗಿ ಅದನ್ನೇ ಸದ್ದು ಎಂದುಕೊಳ್ಳುತ್ತಾನೆ, ತೀರ ಎತ್ತರದ್ದು ಬೇಗ ಆರಿಹೋಗುತ್ತದೆ. ಫೋರ್ಕಿನ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಆಮೇಲೆ ಕಿವಿಯ ಮುಂದೆ ಹಿಡಿದಾಗ ಗಾಳಿಯಲ್ಲೇ ಜೋರಾಗಿ ಕೇಳಿತು. ಹಾಗಾದರೆ ಕಿವಿಯ ತಮಟೆ, ಅದರ ಹಿಂದಿನ ಪುಟ್ಟ ಮೂಳೆಗಳ ಅಡ್ಡಿಯಲ್ಲ, ಒಳಗಿವಿಯ ಸವೆತ. ಕಿವಿಯ ಶಕ್ತಿ ಅಳೆಯುವ ಆಡಿಯೋಮೀಟರಿನಲ್ಲಿ, ಕೇಳಿದರೆ 10 ಡೆಸಿಬಲ್ ಇಳಿಸಿ ಕೇಳದಿದ್ದರೆ 5 ಏರಿಸುತ್ತಾ ಹೋದಾಗ, ತಗ್ಗಿನ 250, 500ರಲ್ಲಿ ಗೆರೆ ಚೆನ್ನಾಗಿಯೇ ಇತ್ತು, 4000ಕ್ಕೆ ಬರುವಷ್ಟರಲ್ಲಿ ಬಾವಿಗಿಳಿದಂತೆ ಇಳಿದಿತ್ತು. ವಯಸ್ಸಿನ ಕಿವುಡು ಒಳಗಿವಿಯ ಆ ಪೊರೆಯ ಬುಡದಿಂದ, ಎತ್ತರದ ಸ್ವರಗಳಿಂದ ಶುರುವಾಗುತ್ತದೆ. 'ಸ'ಕಾರದ ಜೀವ ಇರುವುದು ಆ 4000ದ ಮೇಲೆಯೇ.

"ಸ್ವರ ಎಲ್ಲ ಇವೆ ಕಣಯ್ಯಾ, ಶ ಷ ಸ ಮೂರೂ ಕೈಕೊಟ್ಟವು" ಎಂದಿದ್ದರಂತೆ.

ಅಂದಹಾಗೆ, ಲ್ಯಾಬಿನ ಕಪಾಟಿನ ಎರಡನೇ ಅರೆಯಲ್ಲಿ ಆ ಎರಡು 512ಗಳು ಈಗಲೂ ಇವೆ. ಒಂದರ ಬುಡಕ್ಕೆ ತುಕ್ಕು ಬಂದಿದೆ. ಈ ವರ್ಷದ ಪ್ರಯೋಗಕ್ಕೆ ತೆಗೆಯುವ ಮೊದಲು ಎರಡನ್ನೂ ಒಟ್ಟಿಗೆ ಬಡಿದು, 10 ಸೆಕೆಂಡ್ ಎಣಿಸಿ ನೋಡಿ.